ವಿದೇಶಾಂಗ ನೀತಿಯ ಸುದ್ದಿ ಓದುವುದು ಹೇಗೆ?

ಪ್ರಧಾನಿ ಎಲ್ಲೋ ಹೋದರು, ಕೈಕುಲುಕಿದರು, ಏನಕ್ಕೋ ಸಹಿ ಹಾಕಿದರು. ಇಂಥ ಸುದ್ದಿ ಕಂಡರೆ ನಮ್ಮಲ್ಲಿ ಹೆಚ್ಚಿನವರು ಸುಮ್ನೆ ಪುಟ ತಿರುಗಿಸುತ್ತಾರೆ. ಮಂಗಳೂರು, ಉಡುಪಿಯವರಿಗೆ ಅದು ಊರಿನ ಸುದ್ದಿಯೂ ಹೌದು. ಮುಂದಿನ ಸಲ ಹೀಗೆ ಓದಿ ನೋಡಿ.

1. ಮೊದಲು ಗುರಿ ಹುಡುಕಿ. ಗಡಿಯ ಭದ್ರತೆ, ವ್ಯಾಪಾರ, ಇಂಧನ, ಹೊರದೇಶದಲ್ಲಿರುವ ನಮ್ಮವರ ಕ್ಷೇಮ, ಜಗತ್ತಿನಲ್ಲಿ ಮಾತಿಗೊಂದು ತೂಕ. ಯಾವ ದೇಶಕ್ಕಾದರೂ ಬೇಕಿರುವುದು ಬಹುಪಾಲು ಇವೇ. ಶಾಂತಿಯ ಮಾತು ನಮ್ಮ ಸಂವಿಧಾನದ 51ನೇ ವಿಧಿಯಲ್ಲೂ ಇದೆ.

2. ಅದಕ್ಕೆ ಬಳಸಿದ ಸಾಧನ ಯಾವುದು ನೋಡಿ. ಮಾತುಕತೆ, ಒಪ್ಪಂದ, ಸಾಲ, ನೆರವು, ಸುಂಕ, ನಿರ್ಬಂಧ, ಕೊನೆಗೆ ಸೇನೆ. ನಮ್ಮ ಕಾಲ ಬುಡದಲ್ಲೇ ಒಂದು ಉದಾಹರಣೆ ಇದೆ. ತುರ್ತು ಕಾಲಕ್ಕೆಂದು ಕೇಂದ್ರ ಸರಕಾರ ನೆಲದಡಿಯ ಬಂಡೆ ಕೊರೆದು ಕಚ್ಚಾತೈಲ ತುಂಬಿಡುತ್ತದೆ. ಮಂಗಳೂರಿನಲ್ಲಿ 15 ಲಕ್ಷ ಟನ್, ಕಾಪು ಹತ್ತಿರದ ಪಾದೂರಿನಲ್ಲಿ 25 ಲಕ್ಷ ಟನ್ ಹಿಡಿಯುತ್ತದೆ. ಮಂಗಳೂರಿನ ಎರಡು ಸುರಂಗಗಳಲ್ಲಿ ಒಂದನ್ನು ಅಬುಧಾಬಿಯ ಸರಕಾರಿ ತೈಲ ಕಂಪನಿಗೆ ಕೊಟ್ಟರು. ತೈಲ ಅವರದು, ಜಾಗ ನಮ್ಮದು. ಕಷ್ಟಕಾಲ ಬಂದರೆ ಅದರ ಮೇಲೆ ಮೊದಲ ಹಕ್ಕು ಭಾರತಕ್ಕೆ. ಖರೀದಿಗೆ ದುಡ್ಡು ಹಾಕದೆ ದಾಸ್ತಾನು ಸಿಕ್ಕಿತು! ನನ್ನ ಪ್ರಕಾರ ಹತ್ತು ಭಾಷಣಕ್ಕಿಂತ ಇದು ಜಾಸ್ತಿ ಕೆಲಸದ್ದು.

3. ಒಂದು ಗುರಿಗಾಗಿ ಇನ್ನೊಂದನ್ನು ಬಿಟ್ಟರಾ ಅಂತ ಕೇಳಿ. ಇರಾನಿನ ತೈಲಕ್ಕೆ ಮಂಗಳೂರಿನ ತೈಲ ಸಂಸ್ಕರಣಾಗಾರ ಎಂಆರ್‌ಪಿಎಲ್ ಒಂದು ಕಾಲದಲ್ಲಿ ದೊಡ್ಡ ಗಿರಾಕಿ. ಇರಾನಿನ ಮೇಲೆ ತಾನು ಹೇರಿದ ನಿರ್ಬಂಧದಿಂದ ಭಾರತಕ್ಕೆ ಕೊಟ್ಟಿದ್ದ ವಿನಾಯಿತಿಯನ್ನು ಅಮೆರಿಕ 2019ರ ಮೇ ತಿಂಗಳಲ್ಲಿ ನಿಲ್ಲಿಸಿತು, ನಾವು ಕೊಳ್ಳುವುದು ಬಿಟ್ಟೆವು. ರಷ್ಯಾದ ವಿಷಯದಲ್ಲಿ ಹಾಗೆ ಬಗ್ಗಲಿಲ್ಲ. 2025ರ ಆಗಸ್ಟ್‌ನಲ್ಲಿ ಅಮೆರಿಕ ನಮ್ಮ ಮಾಲಿನ ಮೇಲೆ ಶೇ 50 ಸುಂಕ ಹೇರಿತು. ಅದರಲ್ಲಿ ಅರ್ಧ ರಷ್ಯಾದ ತೈಲ ಕೊಂಡದ್ದಕ್ಕೆ. ಅಗ್ಗದ ತೈಲದ ಲಾಭ ಸಿಕ್ಕಿದ್ದು ಸಂಸ್ಕರಣಾಗಾರಗಳಿಗೆ, ಏಟು ಬಿದ್ದದ್ದು ಅಮೆರಿಕಕ್ಕೆ ಮಾಲು ಕಳಿಸುವವರಿಗೆ. ಆಫ್ರಿಕದಿಂದ ಹಸಿ ಗೋಡಂಬಿ ತರಿಸಿ, ಸುಲಿದು ಹೊರಗೆ ಮಾರುವ ನಮ್ಮ ಬೀಜದ ಫ್ಯಾಕ್ಟರಿಯವರನ್ನು ಕೇಳಿದರೆ ಈ ಲೆಕ್ಕ ಸರಿಯಾಗಿ ಹೇಳುತ್ತಾರೆ.

4. ತಾರೀಕು ಬರೆದಿಟ್ಟುಕೊಳ್ಳಿ. ತಿಳಿವಳಿಕೆ ಪತ್ರಕ್ಕೆ (ಎಂಒಯು) ಸಹಿ ಬಿದ್ದರೆ ಕೆಲಸ ಆಯಿತು ಅಂತಲ್ಲ, ಹೆಚ್ಚಿನವು ಯಾರನ್ನೂ ಕಟ್ಟಿಹಾಕುವುದಿಲ್ಲ. ಅಬುಧಾಬಿ, ದುಬೈ ಸೇರಿದ ಯುಎಇ ದೇಶಕ್ಕೆ ಪ್ರಧಾನಿ ಹೋದದ್ದು 2015ರಲ್ಲಿ. ಮಂಗಳೂರಿಗೆ ಅಬುಧಾಬಿ ಕಂಪನಿಯ ತೈಲ ಬಂದದ್ದು 2018ರಲ್ಲಿ. ಯುಎಇ ಜೊತೆಗಿನ ವ್ಯಾಪಾರ ಒಪ್ಪಂದ ಜಾರಿಯಾದದ್ದು 2022ರ ಮೇ 1ಕ್ಕೆ. ಈ ನಡುವೆ ಕೊರೊನಾ ಕಾಲದಲ್ಲಿ, 2020ರ ಮೇ 12ರಂದು, ದುಬೈಯಿಂದ ನಮ್ಮವರನ್ನು ಹೊತ್ತ ವಿಮಾನ ಮಂಗಳೂರಿನ ಬಜಪೆ ನಿಲ್ದಾಣದಲ್ಲಿ ಇಳಿಯಿತು. ಟಿಕೆಟ್ ದುಡ್ಡು ಮಾತ್ರ ಪ್ರಯಾಣಿಕರದೇ.

5. ಕೊನೆಗೆ ಜಿಲ್ಲಾ ಪುಟಕ್ಕೆ ಬನ್ನಿ. ಪಾದೂರಿನ ತೈಲ ಸಂಗ್ರಹದ ಎರಡನೇ ಹಂತಕ್ಕೆ ಕೇಂದ್ರ ಸಂಪುಟ 2018ರಲ್ಲೇ ಒಪ್ಪಿಗೆ ಕೊಟ್ಟಿದೆ. ಅದಕ್ಕೆ ಜಾಗ ಬಿಡಬೇಕಾದವರ ತಕರಾರು, ಪರಿಹಾರದ ಚರ್ಚೆ ಎಲ್ಲ ವಿದೇಶ ಪುಟದಲ್ಲಿ ಸಿಗುವುದಿಲ್ಲ, ಅಲ್ವಾ?