ಕರಿಬೇವಿನ ಸಸಿಗೆ ಮೊದಲ ಚಳಿಗಾಲ

ಮೈಸೂರಿನ ಚಳಿ ಏನು ಮಹಾ ಅಂತ ನೀವು ಕೇಳಬಹುದು. ಸಾಮಾನ್ಯವಾಗಿ ರಾತ್ರಿ 15-16 ಡಿಗ್ರಿ ಇರುತ್ತದೆ, ಅಷ್ಟೇ. ಬಲಿತ ಕರಿಬೇವಿನ ಮರಕ್ಕೆ ಅದು ಲೆಕ್ಕಕ್ಕೇ ಇಲ್ಲ. ಆದರೆ ಬೀಜದಿಂದ ಎದ್ದು ನಾಲ್ಕೈದು ತಿಂಗಳಾದ ಸಸಿಯ ಕಥೆ ಬೇರೆ. ಮೊದಲ ವರ್ಷ ನಾನು ಎಬ್ಬಿಸಿದ್ದು 20 ಸಸಿ. ಸಂಕ್ರಾಂತಿ ಹೊತ್ತಿಗೆ ಉಳಿದಿದ್ದು 3.

ಬೀಜ ಮೊಳೆಸುವುದೇನೋ ಸುಲಭ. ಆಷಾಢದಲ್ಲಿ ಪಕ್ಕದ ಮನೆ ಅಜ್ಜಿಯ ಮರದಲ್ಲಿ ಹಣ್ಣು ಕಪ್ಪಗಾಗುತ್ತದೆ. ತಿರುಳು ತೊಳೆದು ಅವತ್ತೇ ಹಾಕಬೇಕು, ಡಬ್ಬಿಯಲ್ಲಿಟ್ಟು ಒಣಗಿಸಿದರೆ ಕೆಟ್ಟಿತು. ಮೂರು ವಾರಕ್ಕೆ ಮೊಳಕೆ ಕಾಣುತ್ತದೆ.

ನಾನು ಎಡವಿದ್ದು ಕಾರ್ತಿಕ ಕಳೆದ ಮೇಲೆ. ಚಿಗುರು ನಿಂತುಹೋಯಿತು, ಕೆಳಗಿನ ಎಲೆ ಹಳದಿಯಾಯಿತು. ಪಾಪ, ಹೊಟ್ಟೆಗೆ ಸಾಲದೇನೋ ಅಂದುಕೊಂಡು ದಿನಾ ನೀರು, ಎರಡು ದಿನಕ್ಕೊಮ್ಮೆ ಹುಳಿ ಮಜ್ಜಿಗೆ, ಮೇಲಿಷ್ಟು ಗೊಬ್ಬರ. ಉಪಚಾರ ಜಾಸ್ತಿಯಾದಷ್ಟೂ ಹಳದಿ ಜಾಸ್ತಿ. ಒಂದನ್ನು ಕಿತ್ತು ನೋಡಿದೆ. ಬೇರು ಕಂದು ಬಣ್ಣಕ್ಕೆ ತಿರುಗಿ, ಹಿತಕಲು ನೆನೆಹಾಕಿದ ಅವರೆಕಾಳಿನ ಹಾಗೆ ಸಿಪ್ಪೆ ಜಾರಿ ಕೈಗೆ ಬಂತು.

ಅಜ್ಜಿ ನೋಡಿ ನಕ್ಕರು. "ಚಳೀಲಿ ಅದೂ ಮುದುರ್ಕೊಂಡು ಕೂತಿರುತ್ತೆ ಮಗಾ. ನಿದ್ದೆ ಮಾಡೋರಿಗೆ ಯಾರಾದ್ರೂ ಊಟ ತುರುಕ್ತಾರಾ? ಸುಮ್ನೆ ಬಿಡು."

ಮರುವರ್ಷ ಹಾಗೇ ಮಾಡಿದೆ. ಹಾಲಿನ ಕವರ್ ಬಿಟ್ಟು ಉದ್ದನೆಯ ನರ್ಸರಿ ಚೀಲ ತಂದೆ, ಯಾಕೆಂದರೆ ತಾಯಿಬೇರು ಕೆಳಗೆ ಇಳಿಯಬೇಕಲ್ಲ. ಕೆಮ್ಮಣ್ಣಿಗೆ ಅರ್ಧದಷ್ಟು ಮರಳು ಬೆರೆಸಿದೆ. ಧನುರ್ಮಾಸಕ್ಕೆ ಮುಂಚೆಯೇ 16 ಚೀಲಗಳನ್ನೂ ಪೂರ್ವದ ಕಾಂಪೌಂಡ್ ಗೋಡೆಯ ಹತ್ತಿರದಿಂದ ತೆಗೆದು, ಪಡುವಣ ಬಿಸಿಲು ಬೀಳುವ ಮನೆ ಗೋಡೆಗೆ ಒತ್ತಿ ಇಟ್ಟೆ. ಹಗಲೆಲ್ಲ ಕಾದ ಗೋಡೆ ರಾತ್ರಿ ತುಸು ಬೆಚ್ಚಗಿರುತ್ತದೆ. ತಣ್ಣನೆ ನೆಲ ತಾಕದಿರಲಿ, ನೀರೂ ಬಸಿದು ಹೋಗಲಿ ಅಂತ ಕೆಳಗೆ ಇಟ್ಟಿಗೆ.

ನೀರಿನ ಲೆಕ್ಕ ಕೈಗೇ ಗೊತ್ತಾಗುತ್ತದೆ. ಚೀಲ ಎತ್ತಿದಾಗ ಹಗುರ ಅನ್ನಿಸಿದರೆ ಒಂದು ಕಾಫಿ ಲೋಟ ನೀರು, ಅದೂ ಬೆಳಗ್ಗೆ ಬಿಸಿಲೇರಿದ ಮೇಲೆ. ಭಾರ ಇದ್ದರೆ ಮುಟ್ಟುವುದಿಲ್ಲ. ವಾರಕ್ಕೆ ಎರಡು ಸಲ ಸಾಕಾಯಿತು. ಗೊಬ್ಬರವಿಲ್ಲ, ಮಜ್ಜಿಗೆಯಿಲ್ಲ, ಕುಂಡ ಬದಲಾಯಿಸುವುದಂತೂ ಇಲ್ಲವೇ ಇಲ್ಲ. ಎಲೆ ಉದುರುವಾಗ ಕೈಕಟ್ಟಿ ಕೂರುವುದು ಎಷ್ಟು ಕಷ್ಟ ಅಂತೀರಿ! ಉಗುರಿನಿಂದ ಕಾಂಡ ಸ್ವಲ್ಪ ಗೀರಿ ನೋಡುತ್ತಿದ್ದೆ. ಒಳಗೆ ಹಸಿರಿದ್ದರೆ ಜೀವ ಇದೆ ಅಂತ ಸಮಾಧಾನ.

ಶಿವರಾತ್ರಿ ಹೊತ್ತಿಗೆ 13 ಸಸಿಗಳು ಚಿಗುರಿದವು. ಆಮೇಲೆ ಕುಂಡಕ್ಕೆ ಹಾಕಿ, ಒಂದೊಂದು ಹಿಡಿ ಕಳಿತ ಕೊಟ್ಟಿಗೆ ಗೊಬ್ಬರ ಕೊಟ್ಟೆ. ಖುಷಿಪಡುವಷ್ಟರಲ್ಲಿ ನಿಂಬೆ ಚಿಟ್ಟೆ ಬಂದು ಮೊಟ್ಟೆಯಿಟ್ಟು ಹೋಗಿತ್ತು. ಮರಿಹುಳು ಚಿಕ್ಕದಿರುವಾಗ ಥೇಟ್ ಹಕ್ಕಿ ಹಿಕ್ಕೆ, ನಾಲ್ಕು ದಿನ ಮೋಸ ಹೋದೆ. ಈಗ ದಿನಾ ಬೆಳಗ್ಗೆ ಹುಳು ಆರಿಸಿ ಅಜ್ಜಿಯ ದೊಡ್ಡ ಮರಕ್ಕೆ ಬಿಟ್ಟು ಬರುತ್ತೇನೆ. ಅವರಿಗೆ ಹೇಳಿಲ್ಲ. ಒಗ್ಗರಣೆಗೆ ಇನ್ನೂ ಆ ಮರವೇ ಗತಿ.