ಮನೆ ಕೊಳ್ಳುವ ಮುನ್ನ ತಾರಸಿ ಹತ್ತಿ

ಮನೆ ನೋಡಲು ಹೋದವರು ಹಾಲ್, ಅಡುಗೆಮನೆ ನೋಡಿ ಮರುಳಾಗುವುದೇ ಹೆಚ್ಚು. ನೀವು ಮೊದಲು ತಾರಸಿ ಹತ್ತಿ. ಮನೆಯನ್ನು ಕೆಡಿಸುವುದು ಬಹುಪಾಲು ನೀರು. ಅದು ಇಳಿಯುವ ದಾರಿಯಲ್ಲೇ ನೀವೂ ಇಳಿಯುತ್ತ ಬನ್ನಿ. ಮಳೆ ಬಂದ ಮರುದಿನ, ಹಗಲು ಬೆಳಕಿನಲ್ಲಿ ಹೋದರೆ ಇನ್ನೂ ಒಳ್ಳೆಯದು.

ತಾರಸಿಯಲ್ಲಿ ನೀರು ನಿಂತ ಕಪ್ಪು ಕಲೆಗಳಿವೆಯೇ, ಇಳಿಜಾರು ಕೊಳವೆಯ ಕಡೆಗೇ ಇದೆಯೇ ಗಮನಿಸಿ. ಪ್ಯಾರಪೆಟ್ ಗೋಡೆಯ ಬುಡ ಬಾಯಿಬಿಟ್ಟಿದ್ದರೆ, ಅದರ ಕೆಳಗಿನ ಕೋಣೆಯ ಸೀಲಿಂಗನ್ನು ತಪ್ಪದೆ ನೋಡಿ.

ಒಳಗೆ ಬಂದ ಮೇಲೆ ಗೋಡೆಯ ಬುಡ ಮುಟ್ಟಿ. ಬಣ್ಣ ಉಬ್ಬಿ, ಬೆರಳು ಸೋಕಿದರೆ ಬಿಳಿ ಪುಡಿ ಉದುರುತ್ತಿದ್ದರೆ ತೇವ ಏರಿ ಉಪ್ಪು ಹೊರಬಂದಿದೆ ಎಂದೇ ಅರ್ಥ. ಉಳಿದೆಲ್ಲ ಹಳೆ ಬಣ್ಣ, ಒಂದು ಗೋಡೆಗೆ ಮಾತ್ರ ಹೊಸ ಪೇಂಟ್? ಯಾಕೆಂದು ಕೇಳಿ. ಬಚ್ಚಲುಮನೆಯ ಪಕ್ಕದ ಗೋಡೆಗೆ ಬೀರು ಒರಗಿಸಿದ್ದರೆ ಸರಿಸಿ ತೋರಿಸಲು ಹೇಳಿ, ಸಂಕೋಚ ಬೇಡ.

ಎಲ್ಲ ಬಿರುಕಿಗೂ ಹೆದರಬೇಕಿಲ್ಲ. ಗಾರೆ ಒಣಗುವಾಗ ಬಿಟ್ಟ ಕೂದಲೆಳೆ ಬಿರುಕು ಪುಟ್ಟಿಯಲ್ಲಿ ಮುಚ್ಚಿಹೋಗುತ್ತದೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಟದ್ದು, ಇಟ್ಟಿಗೆ ಸಂದುಗುಂಟ ಮೆಟ್ಟಿಲು ಮೆಟ್ಟಿಲಾಗಿ ಇಳಿದದ್ದು ಬೇರೆ ಜಾತಿಯವು. ಜೊತೆಗೆ ಬಾಗಿಲೂ ಚೌಕಟ್ಟಿಗೆ ಕಚ್ಚಿಕೊಳ್ಳುತ್ತಿದ್ದರೆ ಪಾಯ ಕುಸಿದಿರಬಹುದು. ಅಗಲ 5 ಮಿ.ಮೀ. ದಾಟಿದ್ದರಂತೂ ಎಂಜಿನಿಯರ್ ನೋಡಲೇಬೇಕು.

ಕಂಬ, ತೊಲೆಗಳ ಉದ್ದಕ್ಕೂ ಹೋದ, ಕಂದು ಕಲೆಯಿರುವ ಬಿರುಕು ನನ್ನ ಮಟ್ಟಿಗೆ ಎಲ್ಲಕ್ಕಿಂತ ಅಪಾಯದ್ದು. ಒಳಗಿನ ಸರಳು ತುಕ್ಕು ಹಿಡಿದರೆ ಊದಿಕೊಂಡು ಕಾಂಕ್ರೀಟನ್ನೇ ಹೊರಗೆ ತಳ್ಳುತ್ತದೆ. ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ: ಗಟ್ಟಿ ಕಾಂಕ್ರೀಟ್ ಟಣ್ ಎನ್ನುತ್ತದೆ, ಬಿಟ್ಟುಕೊಂಡದ್ದು ಡಬ್‌ಡಬ್ ಎನ್ನುತ್ತದೆ. ಮೇಲೆ ಸಿಮೆಂಟ್ ಮೆತ್ತಿಸಿ ಕೊಡುತ್ತೇವೆಂದರೆ ಒಪ್ಪಬೇಡಿ. ಒಳಗಿನ ತುಕ್ಕು ಅದರಿಂದ ನಿಲ್ಲುವುದಿಲ್ಲ.

ನಲ್ಲಿಗಳನ್ನೆಲ್ಲ ಒಟ್ಟಿಗೆ ತಿರುಗಿಸಿ, ಫ್ಲಶ್ ಮಾಡಿ. ನೀರಿನ ರಭಸವೂ ಅದು ಹರಿದುಹೋಗುವ ವೇಗವೂ ಗೊತ್ತಾಗುತ್ತದೆ. ಬಳಿಕ ಎಲ್ಲ ಮುಚ್ಚಿ ಮೀಟರ್ ಅಂಕಿ ಬರೆದಿಡಿ. ತೊಟ್ಟಿ ತುಂಬುತ್ತಿಲ್ಲದಿದ್ದರೂ ಅರ್ಧ ಗಂಟೆಯಲ್ಲಿ ಅಂಕಿ ಮುಂದೆ ಹೋದರೆ ಎಲ್ಲೋ ಸೋರಿಕೆಯಿದೆ.

ವಿದ್ಯುತ್ ಫಲಕದಲ್ಲಿ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಕಡಿತ ಮಾಡುವ ಸ್ವಿಚ್) ಇದ್ದರೆ ಅದರ ಟೆಸ್ಟ್ ಗುಂಡಿ ಒತ್ತಿಸಿ. ತಕ್ಷಣ ಕರೆಂಟ್ ಕಡಿತವಾಗಬೇಕು. ಮರದ ಚೌಕಟ್ಟಿನ ಬುಡದಲ್ಲಿ ಗೆದ್ದಲಿನ ಮಣ್ಣಿನ ಗೆರೆಗಳನ್ನೂ ಹುಡುಕಿ.

ಕಂಡದ್ದನ್ನೆಲ್ಲ ಫೋಟೊ ತೆಗೆದು, ಮುಂಗಡ ಕೊಡುವ ಮೊದಲೇ ಎಂಜಿನಿಯರ್‌ಗೆ ತೋರಿಸಿ ದುರಸ್ತಿಯ ಅಂದಾಜು ಬರೆಸಿಕೊಳ್ಳಿ. ಚೌಕಾಸಿಗೆ ಕೂರುವಾಗ ಆ ಹಾಳೆ ಕೈಯಲ್ಲಿರಲಿ.