ಅತ್ತೆ ಅಂದರೆ ಯಾವ ಅತ್ತೆ? ಮನೆತನದ ಕ್ಯಾನ್ಸರ್ ನಕ್ಷೆ ಬರೆಯುವುದು ಹೀಗೆ

ಹೊಲದ ಖಾತೆ ಬದಲಿಸಲು ನಾಡಕಚೇರಿಗೆ ಅಲೆದವರಿಗೆಲ್ಲ ವಂಶವೃಕ್ಷ ಗೊತ್ತು. ಕ್ಯಾನ್ಸರ್ ಡಾಕ್ಟರು ಕೇಳುವುದೂ ಒಂದು ವಂಶವೃಕ್ಷವನ್ನೇ. ಆದರೆ ಇದರಲ್ಲಿ ಮಾನ್ವಿಗೆ ಕೊಟ್ಟ ಚಿಗವ್ವ, ಕುಷ್ಟಗಿಗೆ ಕೊಟ್ಟ ಸೋದರತ್ತೆ ಎಲ್ಲರೂ ಇರಬೇಕು. ಹೊಲದ ಪಾಲು ಬೇಡವೆಂದು ಸಹಿ ಹಾಕಿ ಹೋದ ಹೆಣ್ಣುಮಕ್ಕಳು ಜೀನಿನ ಪಾಲು ಬಿಟ್ಟು ಹೋಗಿರುವುದಿಲ್ಲ, ಅಲ್ವಾ?

ಎಲ್ಲರೂ ಗಾಬರಿಯಾಗಬೇಕಿಲ್ಲ. 100 ಕ್ಯಾನ್ಸರ್‌ಗಳಲ್ಲಿ ಸುಮಾರು 5ರಿಂದ 10 ಮಾತ್ರ ಹುಟ್ಟಿನಿಂದ ಬಂದ ಜೀನ್ ದೋಷದವು. ಆ ಗುಂಪಿನಲ್ಲಿ ನಾವಿದ್ದೇವೋ ಇಲ್ಲವೋ ಅಂತ ತಿಳಿಯಲು ಮೊದಲು ಬೇಕಾಗುವುದು ದುಬಾರಿ ಟೆಸ್ಟ್ ಅಲ್ಲ, ಒಂದು ಹಾಳೆ. ನಮ್ಮ ಮನೆಯದು ಹಳೆ ಕ್ಯಾಲೆಂಡರ್‌ನ ಹಿಂಬದಿಯಲ್ಲಿದೆ. ದೊಡ್ಡ ಹಾಳೆ, ಮೂರು ತಲೆಮಾರು ಸಲೀಸಾಗಿ ಹಿಡಿಯುತ್ತದೆ.

ಗುರುತು

ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ. ತೀರಿಕೊಂಡವರ ಮೇಲೆ ಒಂದು ಓರೆ ಗೆರೆ. ಕ್ಯಾನ್ಸರ್ ಬಂದವರದ್ದನ್ನು ಪೆನ್ಸಿಲ್‌ನಿಂದ ಕಪ್ಪು ಮಾಡಿ. ಗಂಡ ಹೆಂಡತಿ ನಡುವೆ ಒಂದು ಗೆರೆ. ಅವರು ರಕ್ತಸಂಬಂಧಿಗಳಾಗಿದ್ದರೆ ಜೋಡಿ ಗೆರೆ. ಯಾವ ದೇಶದ ಡಾಕ್ಟರಿಗೆ ತೋರಿಸಿದರೂ ಈ ಗುರುತು ಅರ್ಥವಾಗುತ್ತದೆ. ತಾಯಿ ಕಡೆ, ತಂದೆ ಕಡೆ ಎರಡನ್ನೂ ಬರೆಯಿರಿ. ಸ್ತನ ಕ್ಯಾನ್ಸರ್ ಅಂದರೆ ತಾಯಿ ಕಡೆಯಿಂದಲೇ ಬರುತ್ತದೆ ಎಂದು ಜನ ತಿಳಿದಿದ್ದಾರೆ. ತಪ್ಪು. ಅಪ್ಪನಿಂದಲೂ ಅಷ್ಟೇ ಬರುತ್ತದೆ.

ವಯಸ್ಸು ಹೇಗೆ ಹಿಡಿಯುವುದು?

ಸತ್ತ ವಯಸ್ಸು ಮುಖ್ಯ ಅಲ್ಲ, ರೋಗ ಗೊತ್ತಾದಾಗಿನ ವಯಸ್ಸು ಮುಖ್ಯ. ಆದರೆ ಹಳ್ಳಿಯಲ್ಲಿ ಕೇಳಿದರೆ ಯಾರಿಗೂ ಇಸವಿ ಗೊತ್ತಿರುವುದಿಲ್ಲ. ಹಾಗಾಗಿ ಇಸವಿ ಕೇಳಬೇಡಿ, ಆಗ ಊರಲ್ಲಿ ಏನಾಗಿತ್ತು ಅಂತ ಕೇಳಿ. ನಮ್ಮ ಅಜ್ಜಿಯ ಬಗ್ಗೆ ಚಿಗವ್ವ ಹೇಳಿದ್ದು ಹೀಗೆ: "ಡ್ಯಾಮಿಗೆ ನೀರು ನಿಲ್ಲಿಸಿದ ವರ್ಷ ಅಕಿಗೆ ಹದಿನೇಳು, ಮೊದಲ್ನೇ ಬಾಣಂತನ. ಸೋನಿಯಾ ಗಾಂಧಿ ಬಳ್ಳಾರ್‍ಯಾಗ ನಿಂತಾಗ ಹೊಟ್ಟಿ ಉಬ್ಬಿತು." ತುಂಗಭದ್ರಾ ಡ್ಯಾಂ 1953, ಆ ಚುನಾವಣೆ 1999. ಹದಿನೇಳಕ್ಕೆ ನಲವತ್ತಾರು ಕೂಡಿಸಿದರೆ 63. ಎಪ್ಪತ್ತೆರಡರ ಬರ, ಇಂದಿರಾ ಗಾಂಧಿ ತೀರಿಕೊಂಡ 1984, ನೆರೆ ಬಂದ 2009 ಕೂಡ ಹೀಗೇ ಕೆಲಸಕ್ಕೆ ಬರುತ್ತವೆ.

ಹಿರಿಯರು ಕ್ಯಾನ್ಸರ್ ಅನ್ನುವುದಿಲ್ಲ. "ಕೆಟ್ಟ ಬ್ಯಾನಿ", "ಗಂಟಾಗಿತ್ತು", "ಹೊಟ್ಯಾಗ ನೀರು ತುಂಬಿತ್ತು" ಅನ್ನುತ್ತಾರೆ. ಕೇಳಿದ್ದನ್ನು ಹಾಗೇ ಬರೆದುಕೊಳ್ಳಿ, ತಿದ್ದಬೇಡಿ. ಹೊಟ್ಟೆಯಲ್ಲಿ ನೀರು ಅಂದರೆ ಲಿವರ್ ಕೆಟ್ಟಿರಬಹುದು, ಟಿಬಿ ಇರಬಹುದು, ಅಂಡಾಶಯದ ಕ್ಯಾನ್ಸರೂ ಇರಬಹುದು. ಟ್ರಂಕಿನೊಳಗೆ ಪ್ಲಾಸ್ಟಿಕ್ ಚೀಲದಲ್ಲಿ ಹಳೆ ಬಯಾಪ್ಸಿ (ಗಡ್ಡೆಯ ಚೂರು ತೆಗೆದು ಮಾಡುವ ಪರೀಕ್ಷೆ) ಕಾಗದ ಸಿಕ್ಕರೆ ಅದೇ ಚಿನ್ನ.

ಇನ್ನೊಂದು ಪ್ರಶ್ನೆ ಮರೆಯಬೇಡಿ: ಗರ್ಭಚೀಲ ತೆಗೆಸಿದ್ದಾರಾ? ನಮ್ಮ ಕಡೆ ಮೂವತ್ತು ಮೂವತ್ತೈದಕ್ಕೇ ತೆಗೆಸಿಕೊಂಡವರು ಬೇಕಾದಷ್ಟು ಜನ. ಅದರ ಜೊತೆ ಅಂಡಾಶಯವನ್ನೂ ತೆಗೆದಿದ್ದರೆ, ದೋಷ ಇದ್ದರೂ ಅಲ್ಲಿ ಕ್ಯಾನ್ಸರ್ ಬರುವುದು ಅಪರೂಪ. ಆ ತಲೆಮಾರು ಹಾಳೆಯಲ್ಲಿ ಬೆಳ್ಳಗೆ ಕಾಣುತ್ತದೆ. ನಮ್ಮ ದೊಡ್ಡವ್ವನದು ಹಾಗೇ ಆಗಿತ್ತು. ಅಜ್ಜಿಗೆ ಬಂತು, ದೊಡ್ಡವ್ವನಿಗೆ ಇಲ್ಲ, ದೊಡ್ಡವ್ವನ ಮಗಳಿಗೆ ಬಂತು. ದೋಷ ಒಂದು ತಲೆಮಾರು ಹಾರಿ ಬರುವುದಿಲ್ಲ. ಅದು ಮೈಯಲ್ಲೇ ಇರುತ್ತದೆ, ರೋಗವಾಗಿ ಕಾಣಿಸಿರುವುದಿಲ್ಲ ಅಷ್ಟೇ.

ಅತ್ತೆ, ಮಾವ ಅನ್ನುವ ಗೊಂದಲ

ಕನ್ನಡದಲ್ಲಿ ಅಪ್ಪನ ಅಕ್ಕ ತಂಗಿಯೂ ಅತ್ತೆ, ಸೋದರಮಾವನ ಹೆಂಡತಿಯೂ ಅತ್ತೆ, ಗಂಡನ ತಾಯಿಯೂ ಅತ್ತೆ. ಮೊದಲನೆಯವರದು ನಮ್ಮದೇ ರಕ್ತ, ಉಳಿದಿಬ್ಬರದು ಅಲ್ಲ. ಆದರೆ ಅಕ್ಕನ ಮಗಳನ್ನು ತಂದುಕೊಳ್ಳುವ ಮನೆಯಲ್ಲಿ ಅದೂ ಹೀಗೇ ಅಂತ ಹೇಳಲಾಗುವುದಿಲ್ಲ.

ದೊಡ್ಡವ್ವನ ಮಗಳನ್ನು, ನಾನು ಅಕ್ಕ ಅನ್ನುವವಳನ್ನು, ಕೊಟ್ಟಿದ್ದು ಸೋದರಮಾವನಿಗೇ. 2009ರಲ್ಲಿ, ಮೂವತ್ತೈದನೇ ವಯಸ್ಸಿಗೆ, ಅವಳಿಗೆ ಸ್ತನದಲ್ಲಿ ಗಂಟು. ಆಸ್ಪತ್ರೆಯಲ್ಲಿ ಮನೆಯಲ್ಲಿ ಯಾರಿಗಾದರೂ ಇತ್ತಾ ಎಂದು ಕೇಳಿದರು. "ನಮ್ಮತ್ತಿಗೆ ಹೊಟ್ಟಿ ಗಡ್ಡಿ ಆಗಿತ್ರೀ" ಅಂದಳು. ಅತ್ತೆ ಅಂದರೆ ಗಂಡನ ತಾಯಿ, ಸಂಬಂಧ ಇಲ್ಲ ಎಂದು ಬರೆದವರು ಬಿಟ್ಟುಬಿಟ್ಟರು. ಆ ಅತ್ತೆಯೇ ಅವಳ ತಾಯಿಯ ತಾಯಿ! ಜೀನ್ ಟೆಸ್ಟಿನ ಮಾತು ಬಂದಿದ್ದು ಎಷ್ಟೋ ವರ್ಷದ ಮೇಲೆ. ಅದಕ್ಕೇ ಹೇಳುವುದು, ಸಂಬಂಧದ ಹೆಸರು ಬರೆಯಬೇಡಿ, "ತಾಯಿಯ ತಾಯಿ", "ತಂದೆಯ ತಂಗಿ" ಅಂತ ಬಿಡಿಸಿ ಬರೆಯಿರಿ. ಅಣ್ಣ, ತಮ್ಮ ಅನ್ನುವಾಗಲೂ ಒಡಹುಟ್ಟಿದವನೋ ದೊಡ್ಡಪ್ಪನ ಮಗನೋ ನೋಡಿ.

ಯಾವುದು ಅನುಮಾನ, ಯಾವುದು ಅಲ್ಲ

50ಕ್ಕೆ ಮೊದಲೇ ಬಂದ ಸ್ತನ ಅಥವಾ ದೊಡ್ಡಕರುಳಿನ ಕ್ಯಾನ್ಸರ್, ಯಾವ ವಯಸ್ಸಿನಲ್ಲೇ ಆಗಲಿ ಅಂಡಾಶಯದ ಕ್ಯಾನ್ಸರ್, ಗಂಡಸಿಗೆ ಸ್ತನ ಕ್ಯಾನ್ಸರ್, ಒಬ್ಬರಿಗೇ ಎರಡು ಬೇರೆ ಬೇರೆ ಕ್ಯಾನ್ಸರ್. ಇವು ಕಂಡರೆ ಡಾಕ್ಟರನ್ನು ಕೇಳಲೇಬೇಕು. ಸ್ತನ ಮತ್ತು ಅಂಡಾಶಯ ಜೋಡಿಯಾಗಿ ಬಂದರೆ ಬಿಆರ್‌ಸಿಎ1, ಬಿಆರ್‌ಸಿಎ2 ಜೀನುಗಳ ಮೇಲೆ ಅನುಮಾನ. ದೊಡ್ಡಕರುಳು ಮತ್ತು ಗರ್ಭಕೋಶ ಜೋಡಿಯಾದರೆ ಲಿಂಚ್ ಸಿಂಡ್ರೋಮ್ ಅನ್ನುವ ಇನ್ನೊಂದು ಜೀನ್ ದೋಷದ ಅನುಮಾನ. ಅದಕ್ಕೆ 3-2-1 ಅನ್ನುವ ಹಳೆ ಲೆಕ್ಕವಿದೆ: ಹತ್ತಿರದ ಮೂವರು ರಕ್ತಸಂಬಂಧಿಗಳು, ಎರಡು ತಲೆಮಾರು, ಒಬ್ಬರಿಗಾದರೂ 50ರ ಒಳಗೆ.

ಗುಟ್ಕಾ, ತಂಬಾಕು ಹಾಕುವ ಮನೆಯಲ್ಲಿ ಮೂವರಿಗೆ ಬಾಯಿ ಕ್ಯಾನ್ಸರ್ ಬಂದರೆ ಜೀನಿನ ಮೇಲೆ ಹಾಕಬೇಡಿ. ಮೊದಲು ಆ ಚೀಟನ್ನು ಬಿಸಾಕಿ. ಗರ್ಭಕೋಶದ ಬಾಯಿಯ ಕ್ಯಾನ್ಸರ್ ಹೆಚ್ಚಾಗಿ ಎಚ್‌ಪಿವಿ ವೈರಸ್‌ನಿಂದ ಬರುತ್ತದೆ, ಅದೂ ಈ ಲೆಕ್ಕಕ್ಕಿಲ್ಲ.

ಮೊದಲು ಯಾರ ರಕ್ತ?

ಇಲ್ಲೇ ಜನ ದುಡ್ಡು ಕಳೆದುಕೊಳ್ಳುವುದು. ಚೆನ್ನಾಗಿರುವ ಮಗಳು ಹೆದರಿ ಮೊದಲು ಟೆಸ್ಟ್ ಮಾಡಿಸುತ್ತಾಳೆ, ಏನೂ ಇಲ್ಲ ಅಂತ ಬರುತ್ತದೆ. ಮನೆಯಲ್ಲಿ ದೋಷವೇ ಇಲ್ಲವೋ, ಇದ್ದು ಅವಳಿಗೆ ಬಂದಿಲ್ಲವೋ ಗೊತ್ತಾಗುವುದಿಲ್ಲ. ಕ್ಯಾನ್ಸರ್ ಬಂದವರು ಬದುಕಿದ್ದರೆ ಅವರ ರಕ್ತವೇ ಮೊದಲು. ಅವರಲ್ಲಿ ದೋಷ ಸಿಕ್ಕಮೇಲೆ ಉಳಿದವರಿಗೆ ಆ ಒಂದು ಜಾಗ ಮಾತ್ರ ನೋಡಿದರೆ ಸಾಕು, ಖರ್ಚೂ ಕಡಿಮೆ.

ಹಾಳೆ ಹಿಡಿದು ರಾಯಚೂರಿನ ರಿಮ್ಸ್‌ಗೋ ಬಳ್ಳಾರಿ, ಕೊಪ್ಪಳದ ಮೆಡಿಕಲ್ ಕಾಲೇಜು ಆಸ್ಪತ್ರೆಗೋ ಹೋಗಿ, ಜೀನ್ ದೋಷದ ಸಲಹೆಗೆ, ಅಂದರೆ ಜೆನೆಟಿಕ್ ಕೌನ್ಸೆಲಿಂಗ್‌ಗೆ ಎಲ್ಲಿಗೆ ಬರೆದುಕೊಡುತ್ತೀರಿ ಎಂದು ಕೇಳಿ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯ ಘಟಕ ಕಲಬುರಗಿಯಲ್ಲೂ ಇದೆ. ಬೆಂಗಳೂರಿಗೇ ಹೋಗುವುದಾದರೆ ಕೊಪ್ಪಳ, ಬಳ್ಳಾರಿಯವರಿಗೆ ರಾತ್ರಿಯ ಹಂಪಿ ಎಕ್ಸ್‌ಪ್ರೆಸ್ ಇದ್ದೇ ಇದೆ. ಹೋಗುವ ಮೊದಲು ಫೋನ್ ಮಾಡಿ ದಿನ ಕೇಳಿಕೊಳ್ಳಿ.

ರಿಪೋರ್ಟ್ ಮೂರು ತರಹ ಬರುತ್ತದೆ. ದೋಷ ಇದೆ, ಇಲ್ಲ, ಅಥವಾ ಬದಲಾವಣೆ ಇದೆ ಆದರೆ ಕೆಟ್ಟದ್ದೋ ಅಲ್ಲವೋ ಇನ್ನೂ ಗೊತ್ತಿಲ್ಲ. ಮೂರನೆಯದನ್ನು ಇಟ್ಟುಕೊಂಡು ಯಾವ ಆಪರೇಷನ್‌ಗೂ ಒಪ್ಪಬೇಡಿ.

ದೋಷ ಇದೆ ಅಂದರೆ

ಪ್ರತಿ ಜೀನಿಗೆ ಎರಡು ಪ್ರತಿ. ಹೊಲದಲ್ಲಿ ಎರಡು ಬೋರ್ ಇದ್ದ ಹಾಗೆ. ಒಂದು ಹುಟ್ಟಿದಾಗಲೇ ಕೆಟ್ಟಿದೆ, ಇನ್ನೊಂದರಿಂದ ನಡೆಯುತ್ತಿದೆ. ಯಾವುದೋ ಒಂದು ಜೀವಕೋಶದಲ್ಲಿ ಅದೂ ಕೆಟ್ಟರೆ ಅಲ್ಲಿಂದ ತೊಂದರೆ ಶುರು. ಹಾಗಾಗಿ ದೋಷ ಇದ್ದವರಿಗೆಲ್ಲ ಕ್ಯಾನ್ಸರ್ ಬಂದೇ ಬರುತ್ತದೆ ಅಂತಿಲ್ಲ. 2017ರ ಒಂದು ದೊಡ್ಡ ಅಧ್ಯಯನದ ಪ್ರಕಾರ ಬಿಆರ್‌ಸಿಎ1 ದೋಷವಿರುವ 100 ಹೆಂಗಸರಲ್ಲಿ 80 ವಯಸ್ಸಿನೊಳಗೆ ಸುಮಾರು 72 ಜನರಿಗೆ ಸ್ತನ ಕ್ಯಾನ್ಸರ್, 44 ಜನರಿಗೆ ಅಂಡಾಶಯದ್ದು. ಬಿಆರ್‌ಸಿಎ2ರಲ್ಲಿ 69 ಮತ್ತು 17. ಇದು ಹೆಚ್ಚಾಗಿ ಹೊರದೇಶದ ಕುಟುಂಬಗಳ ಲೆಕ್ಕ.

ಮಾಡುವುದಕ್ಕೆ ದಾರಿ ಇದೆ. ಸ್ತನಕ್ಕೆ ಸಾಮಾನ್ಯವಾಗಿ 25ರಿಂದ ವರ್ಷಕ್ಕೊಮ್ಮೆ ಎಂಆರ್‌ಐ, 30ರಿಂದ ಮ್ಯಾಮೊಗ್ರಾಂ (ಸ್ತನದ ಎಕ್ಸ್‌ರೇ) ಕೂಡ. ಅಂಡಾಶಯಕ್ಕೆ ಮಾತ್ರ ನಂಬಿಕೊಳ್ಳುವಂಥ ತಪಾಸಣೆ ಇಲ್ಲ. ಅದಕ್ಕೇ ಮಕ್ಕಳಾದ ಮೇಲೆ, ಬಿಆರ್‌ಸಿಎ1 ಇದ್ದರೆ 35ರಿಂದ 40ರೊಳಗೆ, ಅಂಡಾಶಯ ಮತ್ತು ಅಂಡನಾಳ ತೆಗೆಸಲು ಹೇಳುತ್ತಾರೆ. ಲಿಂಚ್ ಇದ್ದರೆ ಹೆಚ್ಚಿನವರಿಗೆ 20–25ರಿಂದಲೇ ಒಂದೆರಡು ವರ್ಷಕ್ಕೊಮ್ಮೆ ಕೊಲೊನೊಸ್ಕೋಪಿ, ಅಂದರೆ ಕ್ಯಾಮೆರಾ ನಳಿಕೆ ಹಾಕಿ ದೊಡ್ಡಕರುಳು ನೋಡುವುದು. ಕ್ಯಾನ್ಸರ್ ಗಡ್ಡೆಯಾಗುವ ಮೊದಲೇ ಪಾಲಿಪ್ (ಕರುಳಿನೊಳಗಿನ ಸಣ್ಣ ಗಂಟು) ಕಿತ್ತು ತೆಗೆಯುತ್ತಾರೆ.

ಪ್ರತಿ ಮಗುವಿಗೂ, ಗಂಡಾಗಲಿ ಹೆಣ್ಣಾಗಲಿ, ದೋಷ ಬರುವ ಸಾಧ್ಯತೆ ಅರ್ಧಕ್ಕರ್ಧ. ಸೋದರಿಕೆ ಮದುವೆಯಲ್ಲಿ ಇನ್ನೊಂದು ಮಾತಿದೆ. ಗಂಡ ಹೆಂಡತಿ ಇಬ್ಬರಲ್ಲೂ ಅದೇ ದೋಷ ಇದ್ದರೆ ಮಗುವಿಗೆ ಎರಡೂ ಪ್ರತಿ ಕೆಟ್ಟಿದ್ದೇ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಲಿಂಚ್ ಜೀನುಗಳಲ್ಲಿ ಹಾಗಾದರೆ ಚಿಕ್ಕ ವಯಸ್ಸಿಗೇ ಮೆದುಳಿನ ಗಡ್ಡೆ, ರಕ್ತದ ಕ್ಯಾನ್ಸರ್ ಬರಬಹುದು, ಚರ್ಮದ ಮೇಲೆ ಕಾಫಿ ಬಣ್ಣದ ಮಚ್ಚೆ ಇರುತ್ತವೆ. ಬಿಆರ್‌ಸಿಎ2ರಲ್ಲಿ ಆದರೆ ಫ್ಯಾಂಕೋನಿ ಅನೀಮಿಯಾ, ಮೈಯಲ್ಲಿ ರಕ್ತ ಸರಿಯಾಗಿ ತಯಾರಾಗದ ರೋಗ. ಆದ್ದರಿಂದ ನಮ್ಮ ಅಕ್ಕನ ರಕ್ತದಲ್ಲಿ ಬಿಆರ್‌ಸಿಎ1 ದೋಷ ಸಿಕ್ಕ ಕೂಡಲೇ ಅವಳ ಗಂಡನ ರಕ್ತವನ್ನೂ ಕಳಿಸಿದೆವು. ಆತನಿಗೆ ಇರಲಿಲ್ಲ. ನಮ್ಮ ಅವ್ವನಿಗೆ ಇತ್ತು, ನನಗೂ ಇದೆ.

ನನ್ನ ಮಗಳಿಗೆ ಈಗ ಹದಿನಾರು. ಬಿಆರ್‌ಸಿಎಗೆ 18 ತುಂಬುವ ಮೊದಲು ಟೆಸ್ಟ್ ಮಾಡುವುದಿಲ್ಲ, ಆಮೇಲೂ ಅದು ಅವಳ ಇಷ್ಟ. "ಲಗ್ನ ಆಗೋತನ ಸುಮ್ನಿರ್ರಿ, ಹೆಣ್ಣು ಕೇಳಾಕ ಬರೋರು ಏನಂದಾರು" ಎಂದು ಮನೆಯಲ್ಲಿ ಹೇಳುವವರಿದ್ದಾರೆ. ಅವರ ಜೊತೆ ವಾದ ಮಾಡಿ ಸಾಕಾಗಿ, ಈಗ ಹಾಳೆಯ ಜೆರಾಕ್ಸ್ ಮಾಡಿಸಿ ಹಂಚುತ್ತಿದ್ದೇನೆ. ಹನ್ನೊಂದು ಪ್ರತಿ ಹೋಗಿವೆ. ಹಾಳೆಯಲ್ಲಿ ಉಳಿದಿರುವ ಪ್ರಶ್ನೆ ಗುರುತು ಒಂದೇ, ಸಿಂಧನೂರಿನ ಕಿರಿ ಸೋದರಮಾವನದು. ಅವರಿಗೆ ಮೂರು ಹೆಣ್ಣುಮಕ್ಕಳು. "ಹೆಂಗಸರ ಬ್ಯಾನಿ, ನನಗ್ಯಾಕಪಾ" ಅಂದವರು ದೀಪಾವಳಿಯಿಂದ ನನ್ನ ಫೋನ್ ಎತ್ತುತ್ತಿಲ್ಲ. ಬರುವ ಭಾನುವಾರ ಬಸ್ ಹತ್ತುತ್ತಿದ್ದೇನೆ.